ದಾಸ್ತಾನು ಧಾನ್ಯದ ಬೂಷ್ಟುವಿಷಗಳು

ಕೊಯ್ಲಾದ ಧಾನ್ಯ, ಬೇಳೆಕಾಳು, ಎಣ್ಣೆಕಾಳುಗಳ ಮೇಲೆ ಬೆಳೆಯುವ ಕೆಲವು ಬೂಷ್ಟುಗಳು ತಯಾರಿಸಿ ಕಾಳಿನೊಳಕ್ಕೆ ಬಿಡುವ ವಿಷಗಳನ್ನು ಬೂಷ್ಟುವಿಷ ಅಥವಾ ಶಿಲೀಂಧ್ರವಿಷ ಎನ್ನುತ್ತಾರೆ. ಅಫ್ಲಟಾಕ್ಸಿನ್, ಫ್ಯುಮೋನಿಸಿನ್, ಆಕ್ರಟಾಕ್ಸಿನ್, ಡಿಆಕ್ಸಿನಿವಲೆನಾಲ್, ಎರ್ಗಟ್‌ನ ಕ್ಷಾರಾಭಗಳು, ಸೈಕ್ಲೊಪಿಯಜೋನಿಕ್ ಆಮ್ಲ ಇವು ಇವುಗಳಲ್ಲಿ ಮುಖ್ಯ. ಬೂಷ್ಟು ಕಣ್ಣಿಗೆ ಕಾಣುತ್ತದೆ, ವಿಷ ಕಾಣುವುದಿಲ್ಲ. ಕಾಳನ್ನು ತೊಳೆದು ಒರೆಸಿ ಬೂಷ್ಟು ತೆಗೆದ ಮೇಲೂ ವಿಷ ಒಳಗೇ ಉಳಿದಿರಬಹುದು. ಕುದಿಸಿದರೆ ಬೂಷ್ಟು ಸಾಯುತ್ತದೆ, ವಿಷ ಸಾಯುವುದಿಲ್ಲ. ಅಫ್ಲಟಾಕ್ಸಿನ್ ಪೂರ್ತಿ ಒಡೆಯಬೇಕಾದರೆ 250 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚಿನ ಶಾಖ ಬೇಕು. ಮುದ್ದೆ ಬೇಯುವ, ಅನ್ನ ಕುದಿಯುವ ಶಾಖ ಅದಕ್ಕೆ ಏನೇನೂ ಸಾಲದು. ಹುರಿದರೆ ಒಂದಷ್ಟು ಭಾಗ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ.

ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ಬೆಂಗಳೂರು ಗ್ರಾಮಾಂತರ ಜಿಲ್ಲೆ ರಾಗಿ ಸೀಮೆ. ಚೆನ್ನಾಗಿ ಒಣಗಿದ ರಾಗಿಯಷ್ಟು ಬೂಷ್ಟಿಗೆ ಬಗ್ಗದ ಧಾನ್ಯ ಕಡಿಮೆ. ಆದರೆ ಈ ಸೀಮೆಯ ಮನೆಗೆ ಬೂಷ್ಟುವಿಷ ಬರುವ ದಾರಿ ರಾಗಿಯೊಂದೇ ಅಲ್ಲ. ಕಡಲೆಕಾಯಿ, ಮುಸುಕಿನ ಜೋಳ, ದನಕ್ಕೆ ಹಾಕುವ ಹಿಂಡಿ, ಆ ದನ ಕೊಡುವ ಹಾಲು ಇವೆಲ್ಲ ಬೇರೆ ಬೇರೆ ದಾರಿಗಳು. ಎಲ್ಲ ದಾರಿಗಳಲ್ಲೂ ವಿಷ ಹುಟ್ಟುವುದಕ್ಕೂ ಹುಟ್ಟದಿರುವುದಕ್ಕೂ ಬಹುಪಾಲು ಕಾರಣವಾಗುವುದು ಕೊಯ್ಲಿನಿಂದ ಮೂಟೆ ಕಟ್ಟುವವರೆಗಿನ ಕೆಲವೇ ದಿನಗಳ ಒಣಗು.

ವಿಷ ಹುಟ್ಟುವ ಬಗೆ

ಧಾನ್ಯಕ್ಕೆ ಬೂಷ್ಟು ತಗಲುವುದು ಎರಡು ಘಟ್ಟಗಳಲ್ಲಿ. ಫ್ಯುಸೇರಿಯಂ ಜಾತಿಯವು ಹಾಗೂ ಎರ್ಗಟ್ ಬೂಷ್ಟು ಹೊಲದಲ್ಲೇ, ತೆನೆ ಹಸಿಯಾಗಿರುವಾಗ ಬರುತ್ತವೆ. ಆಸ್ಪರ್ಜಿಲಸ್, ಪೆನಿಸಿಲಿಯಂ ಜಾತಿಯವು ಮುಖ್ಯವಾಗಿ ದಾಸ್ತಾನಿನ ಬೂಷ್ಟುಗಳು. ಈ ಗೆರೆ ಗಟ್ಟಿಯಾದದ್ದಲ್ಲ. ಅಫ್ಲಟಾಕ್ಸಿನ್ ತಯಾರಿಸುವ ಆಸ್ಪರ್ಜಿಲಸ್ ಫ್ಲೇವಸ್ ಹೊಲದ ಮಣ್ಣಿನಲ್ಲೇ ವಾಸಿಸುತ್ತದೆ. ಕಡಲೆಕಾಯಿ ಬಲಿಯುವ ಹೊತ್ತಿಗೆ ಮಳೆ ಕೈಕೊಟ್ಟು ಭೂಮಿ ಕಾದರೆ, ಕಾಯಿ ಮಣ್ಣಿನೊಳಗಿರುವಾಗಲೇ ಅದು ಒಳನುಗ್ಗುತ್ತದೆ. ಪಾವಗಡ, ಚಳ್ಳಕೆರೆ, ಶಿರಾ ಕಡೆಯ ಮಳೆಯಾಶ್ರಿತ ಕಡಲೆಕಾಯಿಗೆ ಬರಗಾಲದ ವರ್ಷ ಎರಡು ಪೆಟ್ಟು: ಇಳುವರಿ ಇಳಿಯುತ್ತದೆ, ಉಳಿದ ಕಾಯಿಯಲ್ಲಿ ವಿಷದ ಸಾಧ್ಯತೆ ಏರುತ್ತದೆ.

ದಾಸ್ತಾನಿನಲ್ಲಿ ಎಲ್ಲವೂ ತೇವದ ಮೇಲೆ ನಿಂತಿದೆ. ರಾಗಿಯಲ್ಲಿ ತೇವಾಂಶ ಶೇಕಡ 12ರೊಳಗೆ, ಮುಸುಕಿನ ಜೋಳದಲ್ಲಿ 12ರಿಂದ 13ರೊಳಗೆ ಇದ್ದರೆ ಬೂಷ್ಟಿಗೆ ಬೇಕಾದ ನೀರು ಸಿಗುವುದಿಲ್ಲ. ಕಡಲೆಬೀಜದಲ್ಲಿ ಎಣ್ಣೆ ಹೆಚ್ಚು, ನೀರು ಹಿಡಿಯುವ ಭಾಗ ಕಡಿಮೆ. ಹಾಗಾಗಿ ಅಷ್ಟೇ ತೇವ ಅಲ್ಲಿ ಅಪಾಯಕಾರಿ, ಅದು ಶೇಕಡ 8ರ ಆಸುಪಾಸಿಗೆ ಇಳಿಯಬೇಕು. ಬೆಚ್ಚಗೆ 28ರಿಂದ 33 ಡಿಗ್ರಿ ಶಾಖ, ಮೇಲೆ ಒಂದಿಷ್ಟು ತೇವ ಸಿಕ್ಕರೆ ಆಸ್ಪರ್ಜಿಲಸ್ ಫ್ಲೇವಸ್ ಕೆಲವೇ ದಿನಗಳಲ್ಲಿ ವಿಷ ತಯಾರಿಸಬಲ್ಲದು.

ಮೂಟೆ ಒಟ್ಟಿನಲ್ಲಿ ಒಣಗಿದೆ ಎಂದರೆ ಸಾಲದು. ಸಿಮೆಂಟ್ ನೆಲದ ಮೇಲೆ ಹಾಗೇ ಇಟ್ಟ ಚೀಲದ ತಳ ನೆಲದ ತಂಪಿಗೆ ತೇವ ಎಳೆದುಕೊಳ್ಳುತ್ತದೆ. ಗೋಡೆಗೆ ಒರಗಿಸಿದ ಚೀಲದ ಬೆನ್ನು ಗೋಡೆಯ ಜೌಗು ಹೀರುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಅರೆಒಣ ಕಾಳು ತುಂಬಿದರೆ ಹಗಲಿನ ಬಿಸಿಗೆ ಎದ್ದ ಆವಿ ರಾತ್ರಿ ಚೀಲದ ಮೇಲ್ಭಾಗದಲ್ಲಿ ಹನಿಯಾಗಿ ಕೂರುತ್ತದೆ. ಕುಟ್ಟೆಹುಳು ಹಿಡಿದ ಧಾನ್ಯದಲ್ಲಿ ಹುಳುಗಳ ಉಸಿರೇ ಕಾವು, ತೇವ ಎರಡನ್ನೂ ಕೊಡುತ್ತದೆ. ಹುಳು ಕೊರೆದ ತೂತು ಬೂಷ್ಟಿಗೆ ಬಾಗಿಲು. ಅಂಥ ಚೀಲದೊಳಗೆ ಕೈ ಹಾಕಿದರೆ ನಡುವೆ ಒಂದು ಕಡೆ ಬೆಚ್ಚಗಿರುತ್ತದೆ, ಕಾಳು ಒಂದಕ್ಕೊಂದು ಅಂಟಿ ಹೆಂಟೆಯಾಗಿರುತ್ತದೆ, ಮುಗ್ಗಲು ವಾಸನೆ ಬರುತ್ತದೆ. ಮೇಲಿನ ಒಂದು ಹಿಡಿ ನೋಡಿ ಚೀಲ ಚೆನ್ನಾಗಿದೆ ಎನ್ನುವ ರೂಢಿ ಇದರಿಂದಲೇ ಮೋಸ ಹೋಗುತ್ತದೆ.

ರಾಗಿ, ಮೆದೆ, ಹಗೇವು

ರಾಗಿಯ ಗಟ್ಟಿತನಕ್ಕೆ ಕಾರಣಗಳು ಹಲವು. ಕಾಳು ಸಣ್ಣದು, ಒತ್ತಾಗಿ ಕೂರುತ್ತದೆ, ನಡುವೆ ಗಾಳಿಗೆ ಜಾಗ ಕಡಿಮೆ. ಸಿಪ್ಪೆಯಲ್ಲಿರುವ ಒಗರು ಪದಾರ್ಥಗಳು ಬೂಷ್ಟನ್ನು ಸ್ವಲ್ಪಮಟ್ಟಿಗೆ ತಡೆಯುತ್ತವೆ. ಕೆಂಪು, ಕಂದು ರಾಗಿಯಲ್ಲಿ ಇವು ಬಿಳಿ ರಾಗಿಗಿಂತ ಹೆಚ್ಚು. ದಾಸ್ತಾನಿನಲ್ಲಿ ರಾಗಿಗೆ ಹುಳುವಿನ ಕಾಟವೂ ಕಡಿಮೆ. ಇವೆಲ್ಲಕ್ಕಿಂತ ದೊಡ್ಡ ಕಾರಣ ಕಾಲ. ಮುಂಗಾರಿನ ರಾಗಿ ಕೊಯ್ಲಿಗೆ ಬರುವುದು ನವೆಂಬರ್, ಡಿಸೆಂಬರ್‌ನಲ್ಲಿ. ಮಳೆ ಹಿಂದೆ ಸರಿದು ಒಣಹವೆ ಆರಂಭವಾಗುವ ಹೊತ್ತು ಅದು. ತೆನೆ ಕೊಯ್ದು, ಅರಿ ಹಾಕಿ, ಸಿವುಡು ಕಟ್ಟಿ, ಮೆದೆ ಒಟ್ಟಿ, ವಾರಗಳು ಕಳೆದ ಮೇಲೆ ಕಣ ಮಾಡಿ ಬಡಿದು ತೂರುವ ಹಳೆಯ ಕ್ರಮದಲ್ಲಿ ಒಣಗು ಹಂತಹಂತವಾಗಿ ಆಗುತ್ತಿತ್ತು. ಚೆನ್ನಾಗಿ ಒಟ್ಟಿದ ಮೆದೆಯ ಇಳಿಜಾರು ಮೈ ಮಳೆನೀರನ್ನು ಹೊರಕ್ಕೆ ಸುರಿಸುತ್ತದೆ. ಮೆದೆ ಒಟ್ಟುವ ಕೈಗುಣಕ್ಕೆ ಊರಿನಲ್ಲಿ ಹೆಸರಿದ್ದದ್ದು ಸುಮ್ಮನೆ ಅಲ್ಲ.

ಈ ಲೆಕ್ಕ ತಪ್ಪುವುದು ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿತವಾದಾಗ. 2021ರ ನವೆಂಬರ್‌ನಲ್ಲಿ ದಿನಗಟ್ಟಲೆ ಮಳೆ ಹಿಡಿದು ಬೆಂಗಳೂರು ಗ್ರಾಮಾಂತರ, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಕೊಯ್ಲಿಗೆ ಬಂದ ರಾಗಿ ನೆಲಕಚ್ಚಿತು. ಬಿದ್ದ ತೆನೆ ನೀರಿನಲ್ಲಿ ನೆನೆದರೆ ಅಲ್ಲೇ ಮೊಳೆಯುತ್ತದೆ, ಕಪ್ಪಾಗುತ್ತದೆ. ಹೀಗೆ ನೆನೆದ ರಾಗಿಯಲ್ಲಿ ಸಿಪ್ಪೆಯ ರಕ್ಷಣೆ ಹೆಚ್ಚು ಕೆಲಸಕ್ಕೆ ಬರುವುದಿಲ್ಲ. ಅದನ್ನು ಬೇರೆ ಇಟ್ಟು, ಬೇರೆ ಒಣಗಿಸಿ, ಚೆನ್ನಾದ ರಾಗಿಯ ಜೊತೆ ಬೆರೆಸದಿರುವುದು ಅತ್ಯಗತ್ಯ. ಬೆಲೆಯ ಆಸೆಗೆ ಬೆರೆಸಿದ ಒಂದು ಚೀಲ ಇಡೀ ದಾಸ್ತಾನನ್ನು ಕೆಡಿಸಬಹುದು. ಈಗ ಕೊಯ್ಲುಯಂತ್ರ ಒಂದೇ ದಿನದಲ್ಲಿ ಕೊಯ್ದು ಕಾಳು ಬೇರ್ಪಡಿಸಿ ಕೊಡುತ್ತದೆ. ಮೆದೆಯಲ್ಲಿ ವಾರಗಟ್ಟಲೆ ಆಗುತ್ತಿದ್ದ ಒಣಗು ಇಲ್ಲವಾಗಿದೆ. ಆ ಹಸಿಕಾಳನ್ನು ಟಾರ್ಪಾಲಿನ ಮೇಲೆ ತೆಳ್ಳಗೆ ಹರಡಿ ಒಣಗಿಸದೆ ಚೀಲಕ್ಕೆ ತುಂಬಿದರೆ, ಮಳೆ ಬಾರದ ವರ್ಷದಲ್ಲೂ ಕಾಳು ಮುಗ್ಗುತ್ತದೆ.

ಒಣಗಿದ ರಾಗಿಯನ್ನು ವರ್ಷಗಟ್ಟಲೆ ಕಾಪಾಡಿದ್ದು ಹಗೇವು. ನೀರು ನಿಲ್ಲದ ಎತ್ತರದ ಗಟ್ಟಿ ನೆಲದಲ್ಲಿ, ಮನೆಯಂಗಳದಲ್ಲೋ ಊರಮುಂದೆಯೋ, ಕಿರಿದಾದ ಕತ್ತು, ಅಗಲವಾದ ಹೊಟ್ಟೆ ಇರುವಂತೆ ಗುಂಡಿ ತೋಡುತ್ತಿದ್ದರು. ತಳಕ್ಕೂ ಸುತ್ತಲೂ ಹುಲ್ಲು ಹಾಸಿ, ರಾಗಿ ಸುರಿದು, ಬಾಯಿಗೆ ಕಲ್ಲುಚಪ್ಪಡಿ ಇಟ್ಟು ಮಣ್ಣು ಮೆತ್ತಿ ಮುಚ್ಚುತ್ತಿದ್ದರು. ಒಳಗೆ ಕಾಳೂ ಹುಳುಗಳೂ ಉಸಿರಾಡಿ ಆಮ್ಲಜನಕ ಮುಗಿಯುತ್ತದೆ, ಇಂಗಾಲದ ಡೈಆಕ್ಸೈಡ್ ತುಂಬುತ್ತದೆ. ಹುಳು ಸಾಯುತ್ತದೆ, ಗಾಳಿ ಬೇಕಾದ ಬೂಷ್ಟು ನಿಲ್ಲುತ್ತದೆ. ಅದೇ ಗಾಳಿ ಮನುಷ್ಯನಿಗೂ ಪ್ರಾಣಾಂತಿಕ. ಹಗೇವು ತೆರೆದ ಕೂಡಲೇ ಇಳಿದು ಉಸಿರುಗಟ್ಟಿ ಸತ್ತವರುಂಟು. ಅದಕ್ಕೇ ಬಾಯಿ ತೆರೆದು ಹೊತ್ತು ಬಿಟ್ಟು, ದೀಪ ಇಳಿಸಿ, ಅದು ಆರದೆ ಉರಿದರೆ ಮಾತ್ರ ಇಳಿಯುವ ಕ್ರಮವಿತ್ತು. ಹಗೇವಿನ ಬಲಹೀನತೆ ಅದರ ಅಂಚು. ಹುಲ್ಲಿಗೆ ತಾಗಿದ ರಾಗಿ ಮಣ್ಣಿನ ತೇವಕ್ಕೆ ಕಪ್ಪಾಗಿ, ಹೆಂಟೆಗಟ್ಟಿ, ಕಟುವಾಸನೆ ಹಿಡಿಯುತ್ತಿತ್ತು. ನಡುವಿನ ರಾಗಿ ಮನೆಗೆ, ಅಂಚಿನ ರಾಗಿ ದನಕ್ಕೆ ಎಂಬ ಹಂಚಿಕೆ ಸಾಮಾನ್ಯವಾಗಿತ್ತು. ಇದರ ಮೊದಲ ಅರ್ಧ ಜಾಣತನ, ಎರಡನೆಯ ಅರ್ಧ ಅಪಾಯ. ಕಾರಣ ಮುಂದೆ ಹಾಲಿನ ಭಾಗದಲ್ಲಿದೆ.

ಹಗೇವು ಈಗ ಬಳಕೆಯಲ್ಲಿಲ್ಲ. ಗಾಳಿಯಾಡದಂತೆ ಮುಚ್ಚುವ ಅದರ ತತ್ವವನ್ನೇ ಮೂರು ಪದರದ ಗಾಳಿಬಿಗಿ ಚೀಲಗಳು ಹೊಸ ರೂಪದಲ್ಲಿ ತಂದಿವೆ. ಮಣ್ಣಿನ ತೇವದ ತೊಂದರೆ ಅಲ್ಲಿ ಇಲ್ಲ. ಆದರೆ ಒಣಗದ ಕಾಳಿಗೆ ಆ ಚೀಲವೂ ರಕ್ಷೆಯಲ್ಲ.

ಅಫ್ಲಟಾಕ್ಸಿನ್: ಮೈಸೂರು, ಬಾಂಸವಾಡಾ

1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಬ್ರೆಜಿಲ್‌ನಿಂದ ತರಿಸಿದ ಕಡಲೆಕಾಯಿ ಹಿಂಡಿಯಲ್ಲಿ ಆಸ್ಪರ್ಜಿಲಸ್ ಫ್ಲೇವಸ್ ಬೆಳೆದಿತ್ತೆಂದು ಹುಡುಕಾಟದಲ್ಲಿ ಗೊತ್ತಾಯಿತು. ಆ ಬೂಷ್ಟಿನ ಹೆಸರಿನ ಅಕ್ಷರಗಳಿಂದಲೇ ಅಫ್ಲಟಾಕ್ಸಿನ್ ಎಂಬ ಹೆಸರು ಬಂತು. ಆಗಿನ ಮೈಸೂರು ರಾಜ್ಯದಲ್ಲೂ ಹೆಚ್ಚು ತಡವಾಗಲಿಲ್ಲ: 1966ರಲ್ಲಿ ಇಂಥದೇ ವಿಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಕೋಳಿಮರಿಗಳು ಬಲಿಯಾದವು.

ಈ ಸುದ್ದಿ ಮೈಸೂರಿಗೆ ತಟ್ಟಿದ್ದಕ್ಕೆ ಇನ್ನೂ ಗಂಭೀರ ಕಾರಣವಿತ್ತು. ಅಲ್ಲಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ (ಸಿ.ಎಫ್.ಟಿ.ಆರ್.ಐ.) 1950ರಲ್ಲಿ ಆರಂಭವಾದಾಗಿನಿಂದ ಬಡ ಮಕ್ಕಳ ಪ್ರೋಟೀನ್ ಕೊರತೆಗೆ ಅಗ್ಗದ ಪರಿಹಾರ ಹುಡುಕುತ್ತಿತ್ತು. ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟಿಗೆ ಕಡಲೆಹಿಟ್ಟು ಸೇರಿಸಿ ಅದು ರೂಪಿಸಿದ ವಿವಿಧೋದ್ದೇಶ ಆಹಾರ ಹೆಸರುವಾಸಿಯಾಗಿತ್ತು. ಮಕ್ಕಳನ್ನು ಉಳಿಸಬೇಕಾದ ಅದೇ ಕಡಲೆಕಾಯಿಯಲ್ಲಿ ಯಕೃತ್ತಿನ ವಿಷ ಇರಬಹುದೆಂಬ ಸಂಗತಿ ಸಂಶೋಧನಾಲಯದ ಕೆಲಸದ ದಿಕ್ಕನ್ನೇ ಬದಲಿಸಿತು. ವಿ. ಶ್ರೀನಿವಾಸಮೂರ್ತಿ, ಎಚ್.ಎ.ಬಿ. ಪಾರ್ಪಿಯಾ ಮತ್ತು ಸಂಗಡಿಗರು ಹೈಡ್ರೋಜನ್ ಪೆರಾಕ್ಸೈಡ್ ಬಳಸಿ ಕಡಲೆಕಾಯಿ ಹಿಟ್ಟಿನ ಅಫ್ಲಟಾಕ್ಸಿನ್ ನಿವಾರಿಸುವ ವಿಧಾನವನ್ನು 1967ರಲ್ಲಿ ಪ್ರಕಟಿಸಿದರು.

ಮಕ್ಕಳ ಮೇಲಿನ ಪರಿಣಾಮ ಬೆಳಕಿಗೆ ಬಂದದ್ದೂ ಮೈಸೂರಿನಿಂದಲೇ. ಇಂದಿರಾ ಆಮ್ಲಾ ಮತ್ತು ಇತರರು 1971ರಲ್ಲಿ ಪ್ರಕಟಿಸಿದ ವರದಿ ಅಪೌಷ್ಟಿಕ ಮಕ್ಕಳ ಬಗ್ಗೆ. ಚೇತರಿಕೆಗೆಂದು ಅವರಿಗೆ ಕೊಟ್ಟ ಕಡಲೆಕಾಯಿ ಪ್ರೋಟೀನ್ ಹಿಟ್ಟಿನಲ್ಲಿ, ಯಾರಿಗೂ ತಿಳಿಯದೆ, ಕಿಲೋಗೆ ಸುಮಾರು 300 ಮೈಕ್ರೋಗ್ರಾಂ ಅಫ್ಲಟಾಕ್ಸಿನ್ ಸೇರಿತ್ತು. ಇದು ಇಂದಿನ ಭಾರತದ ಮಿತಿಯ ಇಪ್ಪತ್ತು ಪಟ್ಟು. ಕೆಲವು ದಿನಗಳಿಂದ ಒಂದು ತಿಂಗಳವರೆಗೆ ಅದನ್ನು ತಿಂದ ಮಕ್ಕಳಲ್ಲಿ ಯಕೃತ್ತು ಊದಿಕೊಂಡಿತು. ಯಕೃತ್ತಿನ ಚೂರು ತೆಗೆದು ನೋಡಿದಾಗ ಮೊದಲು ಕೊಬ್ಬು ತುಂಬಿದ್ದೂ, ಕಾಲ ಕಳೆದಂತೆ ನಾರುಗಟ್ಟಿ ಸಿರೋಸಿಸ್ ಆದದ್ದೂ ಕಂಡಿತು. ಉದ್ದೇಶಪೂರ್ವಕವಾಗಿ ಯಾರೂ ಮಾಡಲಾರದ, ಮಾಡಬಾರದ ಈ ಪ್ರಯೋಗ ಆಕಸ್ಮಿಕವಾಗಿ ನಡೆದು, ಅಫ್ಲಟಾಕ್ಸಿನ್ ಮಗುವಿನ ಯಕೃತ್ತನ್ನು ಎಷ್ಟು ಬೇಗ ಹಾಳುಮಾಡಬಲ್ಲದೆಂದು ಜಗತ್ತಿಗೆ ತೋರಿಸಿತು. ಆ ಕಾಲದಲ್ಲಿ ದಕ್ಷಿಣ ಭಾರತದ ಮನೆಗಳನ್ನು ಕಾಡುತ್ತಿದ್ದ ಶಿಶು ಸಿರೋಸಿಸ್‌ಗೂ ಅಫ್ಲಟಾಕ್ಸಿನ್ನೇ ಕಾರಣವೆಂದು ಹಲವರು ಭಾವಿಸಿದ್ದರು. 1980ರ ದಶಕದ ಸಂಶೋಧನೆಗಳು ಆ ಕಾಯಿಲೆಯ ಮೂಲವನ್ನು ಹಿತ್ತಾಳೆ, ತಾಮ್ರದ ಪಾತ್ರೆಗಳಲ್ಲಿ ಕಾಯಿಸಿಟ್ಟ ಹಾಲಿನ ತಾಮ್ರದ ಕಡೆಗೆ ತಿರುಗಿಸಿದವು. ಮೈಸೂರಿನ ಮಕ್ಕಳ ವರದಿಯ ಮಹತ್ವ ಅದರಿಂದ ಕಡಿಮೆಯಾಗುವುದಿಲ್ಲ. ಅದು ತೋರಿಸಿದ ಅಪಾಯ ಬೇರೆ, ಸ್ವತಂತ್ರವಾದದ್ದು.

ಭಾರತದ ಅತಿ ಘೋರ ಪ್ರಕರಣ ನಡೆದದ್ದು 1974ರ ಕೊನೆಯ ತಿಂಗಳುಗಳಲ್ಲಿ, ರಾಜಸ್ಥಾನದ ಬಾಂಸವಾಡಾ ಹಾಗೂ ಗುಜರಾತಿನ ಪಂಚಮಹಲ್ ಜಿಲ್ಲೆಗಳ ಬುಡಕಟ್ಟು ಹಳ್ಳಿಗಳಲ್ಲಿ. ಅಕಾಲ ಮಳೆಗೆ ನೆನೆದ ಮುಸುಕಿನ ಜೋಳವೇ ಅವರ ಊಟ, ಬೇರೆ ಧಾನ್ಯಕ್ಕೆ ದಾರಿಯಿಲ್ಲ. ಕಾಮಾಲೆ ಬಂತು, ಹೊಟ್ಟೆಯಲ್ಲಿ ನೀರು ತುಂಬಿತು. ದಾಖಲಾದ 397 ರೋಗಿಗಳಲ್ಲಿ 106 ಮಂದಿ ಸತ್ತರು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಕೃಷ್ಣಮಾಚಾರಿ, ರಮೇಶ ಭಟ್ ಮತ್ತು ಸಹೋದ್ಯೋಗಿಗಳು ಆ ಜೋಳದಲ್ಲಿ ಕಿಲೋಗೆ 6.25ರಿಂದ 15.6 ಮಿಲಿಗ್ರಾಂ ಅಫ್ಲಟಾಕ್ಸಿನ್ ಕಂಡರು. ಅದೇ ರೊಟ್ಟಿ ತಿಂದ ಮನೆಯ ನಾಯಿಗಳಿಗೂ ಕಾಮಾಲೆ ಬಂದು ಸತ್ತಿದ್ದವು. 2004ರಲ್ಲಿ ಕೀನ್ಯಾದಲ್ಲಿ ಇಂಥದೇ ಜೋಳಕ್ಕೆ 125 ಮಂದಿ ಬಲಿಯಾದರು. ಎರಡೂ ಕಡೆ ಸತ್ತವರು ಕೆಟ್ಟ ಕಾಳನ್ನು ಬಿಸಾಡುವಷ್ಟು ಅನುಕೂಲವಿಲ್ಲದವರು. ಬೂಷ್ಟುವಿಷ ಮೊದಲು ಹಿಡಿಯುವುದು ಬಡತನವನ್ನು.

ಇಂಥ ತೀವ್ರ ಪ್ರಕರಣಗಳು ವಿರಳ. ಹೆಚ್ಚು ಜನರನ್ನು ಮುಟ್ಟುವುದು ವರ್ಷಗಟ್ಟಲೆ ಚೂರುಚೂರಾಗಿ ಹೊಟ್ಟೆ ಸೇರುವ ವಿಷ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಫ್ಲಟಾಕ್ಸಿನ್‌ಗಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದ ಮೊದಲ ಗುಂಪಿಗೆ ಸೇರಿಸಿದೆ. ಹೆಪಟೈಟಿಸ್ ಬಿ ಸೋಂಕೂ ಇದ್ದವರಲ್ಲಿ ಯಕೃತ್ತಿನ ಕ್ಯಾನ್ಸರಿನ ಅಪಾಯ ಬರೀ ಕೂಡಿಕೊಳ್ಳುವುದಿಲ್ಲ, ಗುಣಿಸಿಕೊಳ್ಳುತ್ತದೆ. ಆದ್ದರಿಂದ ಮಕ್ಕಳಿಗೆ ಹಾಕಿಸುವ ಹೆಪಟೈಟಿಸ್ ಬಿ ಲಸಿಕೆ ಬೂಷ್ಟುವಿಷದ ವಿರುದ್ಧವೂ ಒಂದು ರಕ್ಷಣೆ. ಪಶ್ಚಿಮ ಆಫ್ರಿಕಾದ ಅಧ್ಯಯನಗಳು ಅಫ್ಲಟಾಕ್ಸಿನ್‌ಗೂ ಮಕ್ಕಳ ಕುಂಠಿತ ಬೆಳವಣಿಗೆಗೂ ನಂಟು ತೋರಿಸಿವೆ.

ಜೋಳದ ಸೀಮೆಯ ಹೊಟ್ಟೆನೋವು ಮತ್ತು ಇತರ ವಿಷಗಳು

1995ರಲ್ಲಿ ದಕ್ಖನ್ ಪ್ರಸ್ಥಭೂಮಿಯ ಹಳ್ಳಿಗಳಲ್ಲಿ ರೊಟ್ಟಿ ಉಂಡ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಹೊಟ್ಟೆನೋವು, ಹೊಟ್ಟೆಯಲ್ಲಿ ಗುಡುಗುಡು ಸದ್ದು, ಭೇದಿ ಕಾಣಿಸಿಕೊಂಡವು. ರಾಷ್ಟ್ರೀಯ ಪೋಷಣ ಸಂಸ್ಥೆಯ ತಂಡ 50 ಹಳ್ಳಿಗಳಲ್ಲಿ ಮನೆಮನೆ ವಿಚಾರಿಸಿತು. 27 ಹಳ್ಳಿಗಳಲ್ಲಿ ಕಾಯಿಲೆ ಇತ್ತು. ಬಿದ್ದವರೆಲ್ಲ ಮಳೆಗೆ ಸಿಕ್ಕು ಬೂಷ್ಟು ಹಿಡಿದ ಜೋಳ ಅಥವಾ ಮುಸುಕಿನ ಜೋಳ ತಿಂದವರು. ಅದನ್ನು ತಿನ್ನದ ಪಕ್ಕದ ಮನೆಯವರಿಗೆ ಏನೂ ಆಗಿರಲಿಲ್ಲ. ಕಾಯಿಲೆ ಬಿದ್ದ ಮನೆಗಳ ಮುಸುಕಿನ ಜೋಳದಲ್ಲಿ ಕಿಲೋಗೆ 64.7 ಮಿಲಿಗ್ರಾಂವರೆಗೂ, ಜೋಳದಲ್ಲಿ 7.8 ಮಿಲಿಗ್ರಾಂವರೆಗೂ ಫ್ಯುಮೋನಿಸಿನ್ ಬಿ1 ಸಿಕ್ಕಿತು. ಇತರ ಮನೆಗಳ ಧಾನ್ಯದಲ್ಲಿ ಅದು 0.36 ಮಿಲಿಗ್ರಾಂ ದಾಟಿರಲಿಲ್ಲ. ಆ ಕಾಳು ತಿನ್ನಿಸಿದ ಒಂದು ದಿನದ ಹುಂಜಮರಿಗಳಿಗೂ ಭೇದಿಯಾಯಿತು. ಯಾರ ಪ್ರಾಣಕ್ಕೂ ಅಪಾಯವಾಗದೆ ಕಾಯಿಲೆ ತಾನಾಗಿ ಇಳಿಯಿತು.

ಈ ಘಟನೆಯ ಹಿಂದೆ ಬೆಳೆಪದ್ಧತಿಯ ಬದಲಾವಣೆಯೂ ಇದೆ. ವಿಜಯಪುರ, ಕಲಬುರಗಿ ಕಡೆಯ ಹಿಂಗಾರಿ ಮಾಲದಂಡಿ ಜೋಳ ಬಲಿಯುವುದು ಮಳೆಯಿಲ್ಲದ ಕಾಲದಲ್ಲಿ. ಅದರ ಕಾಳು ಮುತ್ತಿನಂತೆ ಬೆಳ್ಳಗಿರುತ್ತದೆ. 1960ರ ದಶಕದಿಂದ ಬಂದ ಮುಂಗಾರಿ ಹೈಬ್ರಿಡ್ ಜೋಳಗಳು ಬೇಗ ಬಲಿತು ಸೆಪ್ಟೆಂಬರ್, ಅಕ್ಟೋಬರ್ ಮಳೆಗೆ ತೆನೆಯೊಡ್ಡುತ್ತವೆ. ಫ್ಯುಸೇರಿಯಂ ಆ ಕಾಳನ್ನು ಗುಲಾಬಿ, ಕಪ್ಪು ಬಣ್ಣಕ್ಕೆ ತಿರುಗಿಸುತ್ತದೆ. ಇಳುವರಿ ಕೊಟ್ಟ ಹೈಬ್ರಿಡ್ ಜೋಳವನ್ನು ಉತ್ತರ ಕರ್ನಾಟಕದ ಮನೆಗಳು ರೊಟ್ಟಿಗೆ ಹಿಂಗಾರಿ ಜೋಳದಷ್ಟು ಒಪ್ಪಿಕೊಳ್ಳದಿದ್ದುದಕ್ಕೆ ಬರೀ ರುಚಿಯಲ್ಲ, ಈ ಕೆಡುವ ಗುಣವೂ ಕಾರಣ.

ಇತರ ವಿಷಗಳನ್ನು ಸಂಕ್ಷೇಪವಾಗಿ ಹೇಳಬಹುದು. ಸಜ್ಜೆಯ ತೆನೆಗೆ ಎರ್ಗಟ್ ತಗಲಿದರೆ ಕಾಳಿನ ಜಾಗದಲ್ಲಿ ಕಪ್ಪು ಗಟ್ಟಿಗಳು ಬೆಳೆಯುತ್ತವೆ. ತಿಂದವರಿಗೆ ವಾಂತಿ, ತಲೆಸುತ್ತು, ವಿಪರೀತ ತೂಕಡಿಕೆ. ಮಹಾರಾಷ್ಟ್ರದಲ್ಲಿ 1950ರ ದಶಕದಲ್ಲೂ ರಾಜಸ್ಥಾನದಲ್ಲಿ 1975ರಲ್ಲೂ ಇದು ಕಾಣಿಸಿತು. ಹತ್ತು ಲೀಟರ್ ನೀರಿಗೆ ಎರಡು ಕಿಲೋ ಉಪ್ಪು ಕರಗಿಸಿ ಸಜ್ಜೆ ಸುರಿದರೆ ಹಗುರವಾದ ಗಟ್ಟಿಗಳು ತೇಲುತ್ತವೆ. ಹೀಗೆ ಮನೆಯಲ್ಲೇ ಸುಲಭವಾಗಿ ಬೇರ್ಪಡಿಸಲು ಬರುವ ಬೂಷ್ಟುವಿಷಗಳು ಕಡಿಮೆ. ಹಾರಕಕ್ಕೆ ಆಸ್ಪರ್ಜಿಲಸ್ ತಗಲಿದರೆ ಸೈಕ್ಲೊಪಿಯಜೋನಿಕ್ ಆಮ್ಲ ಸೇರಿ ಅಮಲು, ನಡುಕ ತರುತ್ತದೆ. 2024ರ ಅಕ್ಟೋಬರ್ ಕೊನೆಯಲ್ಲಿ ಮಧ್ಯಪ್ರದೇಶದ ಬಾಂಧವಗಢದಲ್ಲಿ ಹಾರಕದ ಹೊಲ ಮೇದ ಹತ್ತು ಆನೆಗಳು ಸತ್ತಾಗ ಇದೇ ವಿಷ ಪತ್ತೆಯಾಯಿತು. ಸಿರಿಧಾನ್ಯಗಳಿಗೆ ಬೇಡಿಕೆ ಏರಿರುವ ಈ ಹೊತ್ತಿನಲ್ಲಿ ಹಾರಕವನ್ನು ಒಣಗಿಸಿ ಕಾಪಾಡುವ ಬಗ್ಗೆ ಇನ್ನಷ್ಟು ಎಚ್ಚರ ಬೇಕು. 1987ರಲ್ಲಿ ಕಾಶ್ಮೀರ ಕಣಿವೆಯಲ್ಲಿ ಮಳೆಗೆ ಸಿಕ್ಕ ಗೋಧಿಯ ರೊಟ್ಟಿ ತಿಂದವರ ಹೊಟ್ಟೆನೋವಿಗೆ ಡಿಆಕ್ಸಿನಿವಲೆನಾಲ್ ಗುಂಪಿನ ವಿಷಗಳು ಕಾರಣ. ಆಕ್ರಟಾಕ್ಸಿನ್ ಮೂತ್ರಪಿಂಡದ ವಿಷ. ಕೊಡಗು, ಚಿಕ್ಕಮಗಳೂರುಗಳ ಕಾಫಿ ಬೆಳೆಗಾರರು ಹಣ್ಣನ್ನು ಕಣದಲ್ಲಿ ಬೇಗ, ತೆಳ್ಳಗೆ ಒಣಗಿಸಬೇಕಾದ ಕಾರಣಗಳಲ್ಲಿ ಅದೂ ಒಂದು.

ಹಿಂಡಿಯಿಂದ ಹಾಲಿಗೆ

ದೇವನಹಳ್ಳಿ ಸೀಮೆಯ ರೈತರ ದಿನನಿತ್ಯದ ಕಾಸು ಹಾಲಿನದು. ಬೆಂಗಳೂರಿನ ಬಾಯಿಗೆ ಹತ್ತಿರವಿರುವ ಈ ತಾಲ್ಲೂಕುಗಳಲ್ಲಿ ಬೂಷ್ಟುವಿಷದ ಮುಖ್ಯ ದಾರಿಯೂ ಅದೇ ಎಂದರೆ ತಪ್ಪಿಲ್ಲ. ಹಸು ತಿಂದ ಅಫ್ಲಟಾಕ್ಸಿನ್ ಬಿ1 ಅದರ ಯಕೃತ್ತಿನಲ್ಲಿ ಎಂ1 ಆಗಿ ಬದಲಾಗಿ ಹಾಲಿಗೆ ಇಳಿಯುತ್ತದೆ. ತಿಂದದ್ದರಲ್ಲಿ ಸಾಮಾನ್ಯವಾಗಿ ನೂರಕ್ಕೆ ಒಂದರಿಂದ ಮೂರು ಪಾಲು, ಹೆಚ್ಚು ಹಾಲು ಕೊಡುವ ಹಸುವಿನಲ್ಲಿ ಇನ್ನೂ ಜಾಸ್ತಿ. ಕೆಟ್ಟ ಹಿಂಡಿ ಹಾಕಿದ ಒಂದು ದಿನದೊಳಗೆ ಹಾಲಿನಲ್ಲಿ ಎಂ1 ಕಾಣಿಸಿಕೊಳ್ಳುತ್ತದೆ, ನಿಲ್ಲಿಸಿದ ಮೂರು ನಾಲ್ಕು ದಿನಗಳಲ್ಲಿ ಹೋಗುತ್ತದೆ. ಕಾಯಿಸಿದರೂ ಹೆಪ್ಪು ಹಾಕಿದರೂ ಹೋಗುವುದಿಲ್ಲ. ಅದು ಹಾಲಿನ ಪ್ರೋಟೀನಿಗೆ ಅಂಟಿಕೊಳ್ಳುವುದರಿಂದ ಪನೀರಿನಲ್ಲಿ ಹಾಲಿಗಿಂತ ಒತ್ತಾಗುತ್ತದೆ, ತುಪ್ಪದಲ್ಲಿ ಬಹಳ ಕಡಿಮೆ.

ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್.ಎಸ್.ಎಸ್.ಎ.ಐ.) 2018ರಲ್ಲಿ ದೇಶಾದ್ಯಂತ ಸಂಗ್ರಹಿಸಿದ 6,432 ಹಾಲಿನ ಮಾದರಿಗಳಲ್ಲಿ 368ರಲ್ಲಿ ಎಂ1 ಮಿತಿ ಮೀರಿತ್ತು. ನೀರು, ಯೂರಿಯಾ ಬೆರಕೆಯ ಗದ್ದಲದಲ್ಲಿ ಮರೆತುಹೋಗಿದ್ದ ಸಂಗತಿಯನ್ನು ಈ ಸಮೀಕ್ಷೆ ಎತ್ತಿ ತೋರಿಸಿತು. ಇದರ ಮೂಲ ಡೇರಿಯಲ್ಲಿಲ್ಲ, ಕೊಟ್ಟಿಗೆಯ ಬಾನಿಯಲ್ಲಿದೆ. ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ, ಹತ್ತಿಕಾಳು ಹಿಂಡಿ, ಮನುಷ್ಯರಿಗೆ ಬೇಡವಾದ ಮುಸುಕಿನ ಜೋಳ, ಸರಿಯಾಗಿ ಮುಚ್ಚದೆ ಮೇಲ್ಪದರ ಕೊಳೆತ ರಸಮೇವು ಇವೆಲ್ಲ ಅಲ್ಲಿಗೆ ಬಂದು ಬೀಳುತ್ತವೆ. ಹಾಲು ಹೆಚ್ಚಾಗಿ ಕುಡಿಯುವವರು ಮಕ್ಕಳು ಎಂಬುದು ಈ ದಾರಿಯನ್ನು ಇನ್ನೂ ಗಂಭೀರವಾಗಿಸುತ್ತದೆ.

ಗುರುತು, ಪರೀಕ್ಷೆ, ಕಾನೂನು

ಮದುವೆ ಊಟದ ನಂತರ ನೂರಾರು ಜನ ಒಟ್ಟಿಗೆ ವಾಂತಿ ಮಾಡಿಕೊಂಡರೆ ಕಾರಣ ಸಾಮಾನ್ಯವಾಗಿ ಬ್ಯಾಕ್ಟೀರಿಯ. ಬೂಷ್ಟುವಿಷದ ಚಹರೆ ಬೇರೆ. ಅದು ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಒಂದೇ ಕೊಯ್ಲಿನ, ಒಂದೇ ದಾಸ್ತಾನಿನ ಧಾನ್ಯ ತಿಂದ ಮನೆಗಳಲ್ಲಿ ಕಾಣಿಸುತ್ತದೆ, ಮಳೆ ಕೆಡಿಸಿದ ಕೊಯ್ಲಿನ ಮುಂದಿನ ತಿಂಗಳುಗಳಲ್ಲಿ ಬರುತ್ತದೆ, ಔಷಧಿಗೆ ಬಗ್ಗದೆ ಧಾನ್ಯ ಬದಲಿಸಿದರೆ ನಿಲ್ಲುತ್ತದೆ. ಮನೆಯ ನಾಯಿ, ಕೋಳಿ, ದನವೂ ಅದೇ ಹೊತ್ತಿನಲ್ಲಿ ಮಂಕಾಗಿದ್ದರೆ ಅನುಮಾನ ಬಲವಾಗುತ್ತದೆ. ಅಫ್ಲಟಾಕ್ಸಿನ್‌ಗೆ ಪ್ರತಿವಿಷವಿಲ್ಲ. ಆ ಧಾನ್ಯ ನಿಲ್ಲಿಸಿ, ಯಕೃತ್ತು ಚೇತರಿಸಿಕೊಳ್ಳುವವರೆಗೆ ಆಸರೆಯ ಚಿಕಿತ್ಸೆ ಕೊಡುವುದಷ್ಟೇ ಸಾಧ್ಯ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗುವವರು ತಿಂದ ಧಾನ್ಯದ ಒಂದು ಸೇರನ್ನೂ ಜೊತೆಗೆ ಒಯ್ದರೆ ರೋಗಮೂಲ ಹುಡುಕುವುದು ಸುಲಭವಾಗುತ್ತದೆ.

ಭಾರತದಲ್ಲಿ ಧಾನ್ಯ, ಬೇಳೆಕಾಳುಗಳಲ್ಲಿ ಒಟ್ಟು ಅಫ್ಲಟಾಕ್ಸಿನ್ ಕಿಲೋಗೆ 15 ಮೈಕ್ರೋಗ್ರಾಂ ಮೀರಬಾರದು, ಹಾಲಿನಲ್ಲಿ ಎಂ1 0.5 ಮೈಕ್ರೋಗ್ರಾಂ ಮೀರಬಾರದು. ಹದಿನೈದು ಮೈಕ್ರೋಗ್ರಾಂ ಎಂದರೆ ಹತ್ತು ಟನ್ ಹೊರುವ ನೂರು ಲಾರಿ ಧಾನ್ಯದಲ್ಲಿ ಮೂರು ಚಮಚೆ ಸಕ್ಕರೆಯಷ್ಟು. ಯುರೋಪಿನ ಮಿತಿ ಇದಕ್ಕಿಂತ ಬಿಗಿ. ರಫ್ತಿಗೆ ಹೋದ ಕಡಲೆಬೀಜ, ಒಣಮೆಣಸಿನಕಾಯಿ ಹಿಂದಿರುಗಿ ಬಂದಾಗ ಅದು ಯಾರ ತಟ್ಟೆ ಸೇರುತ್ತದೆ ಎಂಬುದು ಕೇಳಲೇಬೇಕಾದ ಪ್ರಶ್ನೆ. ಪರೀಕ್ಷೆಯ ತೊಡಕು ಮಾದರಿ ತೆಗೆಯುವುದರಲ್ಲಿದೆ. ವಿಷ ಮೂಟೆಯಲ್ಲಿ ಸಮನಾಗಿ ಹರಡಿರುವುದಿಲ್ಲ. ಸಾವಿರ ಕಡಲೆಬೀಜದಲ್ಲಿ ಒಂದು ಬೀಜ ಉಳಿದೆಲ್ಲವನ್ನೂ ಮಿತಿ ಮೀರಿಸುವಷ್ಟು ವಿಷ ಹೊತ್ತಿರಬಹುದು. ಆ ಬೀಜ ಮಾದರಿಗೆ ಸಿಕ್ಕಿದರೆ ಮೂಟೆ ತಿರಸ್ಕೃತ, ಸಿಗದಿದ್ದರೆ ಪಾಸು.

ಮನೆಯಲ್ಲಿ, ಕಣದಲ್ಲಿ

ತೇವ ಅಳೆಯಲು ಯಂತ್ರವಿಲ್ಲದಿದ್ದರೂ ದಾರಿಯಿದೆ. ಒಣ ಗಾಜಿನ ಸೀಸೆಯಲ್ಲಿ ಒಂದಷ್ಟು ಕಾಳು, ಎರಡು ಚಮಚೆ ಚೆನ್ನಾಗಿ ಒಣಗಿದ ಉಪ್ಪು ಹಾಕಿ ಮುಚ್ಚಿ ಅಲುಗಾಡಿಸಿ ಹತ್ತು ನಿಮಿಷ ಬಿಟ್ಟು ನೋಡಬೇಕು. ಉಪ್ಪು ಗಾಜಿಗೆ ಅಂಟಿದರೆ ತೇವಾಂಶ ಶೇಕಡ 15ರ ಮೇಲಿದೆ, ಕಾಳು ಮತ್ತೆ ಬಿಸಿಲಿಗೆ ಹೋಗಬೇಕು. ಅಂಟದಿದ್ದರೂ ರಾಗಿಯನ್ನು ಇನ್ನೊಂದು ದಿನ ಒಣಗಿಸುವುದೇ ಮೇಲು. ಚೀಲಗಳನ್ನು ಮರದ ಹಲಗೆಯ ಮೇಲೆ, ಗೋಡೆಯಿಂದ ಒಂದು ಮೊಳ ದೂರ ಇಡುವುದು, ಹಳೆಯ ಚೀಲವನ್ನು ಕೊಡವಿ ಬಿಸಿಲಿಗೆ ಹಾಕದೆ ಮತ್ತೆ ತುಂಬದಿರುವುದು ಸಣ್ಣ ಕೆಲಸಗಳಾದರೂ ಇವುಗಳಿಂದಾಗುವ ಲಾಭ ದೊಡ್ಡದು.

ಕಡಲೆಬೀಜದಲ್ಲಿ ಮೊರದ ಕೆಲಸ ಪ್ರಯೋಗಾಲಯದ ಕೆಲಸಕ್ಕೆ ಹತ್ತಿರ ಬರುತ್ತದೆ. ವಿಷದ ಹೆಚ್ಚಿನ ಪಾಲು ಇರುವುದು ಸುಕ್ಕಿದ, ಬಣ್ಣಗೆಟ್ಟ, ಒಡೆದ ಬೀಜಗಳಲ್ಲಿ. ಅವನ್ನು ಆರಿಸಿ ತೆಗೆದರೆ ಅಫ್ಲಟಾಕ್ಸಿನ್ ಬಹುಮಟ್ಟಿಗೆ ಇಳಿಯುತ್ತದೆ. ಗಾಣಕ್ಕೆ ಹಾಕಿಸುವಾಗ ಈ ಆಯ್ಕೆ ಇನ್ನೂ ಮುಖ್ಯ. ಕಾರ್ಖಾನೆಯ ಶುದ್ಧೀಕರಣದಲ್ಲಿ ಎಣ್ಣೆಯ ಅಫ್ಲಟಾಕ್ಸಿನ್ ಹೋಗುತ್ತದೆ, ಗಾಣದ ಎಣ್ಣೆಯಲ್ಲಿ ಆ ಹಂತವಿಲ್ಲ. ಬೆಂಗಳೂರಿನ ಸುತ್ತ ಮತ್ತೆ ಚಾಲ್ತಿಗೆ ಬಂದಿರುವ ಗಾಣಗಳ ಎಣ್ಣೆಯ ಒಳ್ಳೆಯತನ ಗಾಣಕ್ಕೆ ಬೀಳುವ ಬೀಜದ ಒಳ್ಳೆಯತನಕ್ಕಿಂತ ಹೆಚ್ಚಿರಲಾರದು.

ಕೂಸಿಗೆ ರಾಗಿ ಸರಿ ಮಾಡುವಾಗ ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ, ಬೀಸುತ್ತಾರೆ. ಮೊಳಕೆಯಿಂದ ಹಿಟ್ಟು ಸುಲಭವಾಗಿ ಅರಗುತ್ತದೆ, ಪೌಷ್ಟಿಕತೆ ಹೆಚ್ಚುತ್ತದೆ. ಆದರೆ ರಾಗಿಗೆ ಒಣಗಿನ ರಕ್ಷೆ ತಪ್ಪುವುದೂ ನೆನೆಸಿ ಮೊಳಕೆ ಬರಿಸುವ ಈ ದಿನಗಳಲ್ಲೇ. ಮೋಡದ ದಿನ ಮೊಳಕೆ ಕಟ್ಟಬಾರದು. ಮೊಳಕೆ ಬಂದ ರಾಗಿಯನ್ನು ಒತ್ತಾಗಿ ಬಿಡದೆ ತೆಳ್ಳಗೆ ಹರಡಿ ಒಂದೇ ಬಿಸಿಲಿನಲ್ಲಿ ಒಣಗಿಸಿ ಬಾಣಲೆಯಲ್ಲಿ ಬೆಚ್ಚಗೆ ಮಾಡಬೇಕು. ಬಿಳಿಮೊಳಕೆಯ ನಡುವೆ ಹಸಿರು, ಬೂದು ನೂಲು ಕಂಡರೆ, ಹುಳಿ ಅಥವಾ ಮುಗ್ಗಲು ವಾಸನೆ ಬಂದರೆ ಅಷ್ಟನ್ನೂ ಬಿಡಬೇಕು. ಒಂದು ಪಾವು ರಾಗಿಯ ಬೆಲೆ ಕೂಸಿನ ಯಕೃತ್ತಿನ ಮುಂದೆ ಲೆಕ್ಕಕ್ಕಿಲ್ಲ.

ಹೀಗೆ ಬಿಟ್ಟ ಕಾಳು ಎಲ್ಲಿಗೆ ಹೋಗಬೇಕು ಎಂಬುದೂ ಅಷ್ಟೇ ಮುಖ್ಯ. ಬಾನಿಗೆ ಹಾಕಿದರೆ ಹಾಲಿನಲ್ಲಿ ಮರಳುತ್ತದೆ, ಕೋಳಿಗೆ ಹಾಕಿದರೆ ಕೋಳಿ ಸೊರಗುತ್ತದೆ, ಚೆನ್ನಾದ ಕಾಳಿಗೆ ಬೆರೆಸಿ ಮಾರಿದರೆ ಇನ್ನೊಂದು ಮನೆಯ ಮಕ್ಕಳು ತಿನ್ನುತ್ತಾರೆ. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ದೂಳು ಏಳದಂತೆ ಚೀಲಸಮೇತ ಹೊರಗೊಯ್ದು ಸುಡಬೇಕು, ಇಲ್ಲವೆ ಬಾವಿ ಕೆರೆಗಳಿಂದ ದೂರ ಆಳವಾಗಿ ಹೂಳಬೇಕು. ಆ ಚೀಲ ಇಟ್ಟಿದ್ದ ಜಾಗವನ್ನು ಗುಡಿಸಿ, ಸುಣ್ಣ ಬಳಿದು, ಪೂರ್ತಿ ಒಣಗಿದ ಮೇಲಷ್ಟೇ ಮುಂದಿನ ಕೊಯ್ಲಿನ ರಾಗಿಯನ್ನು ಅಲ್ಲಿ ಇಡಬೇಕು.